ಊರ ಕೆರೆಗೆ ಸರ್ಕಾರಿ ಅನುದಾನ: ಪಹಣಿಯಿಂದ ಕೊನೆಯ ಬಿಲ್ಲಿನವರೆಗೆ

ಕೆರೆ ಹೂಳೆತ್ತಿಸಿಕೊಡಿ ಎಂದು ಊರಿನವರು ಶಾಸಕರಿಗೆ ಮನವಿ ಕೊಡುತ್ತಾರೆ. ‘ಪರಿಶೀಲಿಸಿ ಕ್ರಮ ಕೈಗೊಳ್ಳಿ’ ಎಂಬ ಷರಾ ಬೀಳುತ್ತದೆ. ಕಾಗದ ತಾಲ್ಲೂಕಿಗೆ ಇಳಿದು, ಅಲ್ಲಿಂದ ಪಂಚಾಯಿತಿಗೆ ಬಂದು, ಬಂದಲ್ಲೇ ಕೂರುತ್ತದೆ. ವಿಚಾರಿಸಿದರೆ ಅನುದಾನ ಇಲ್ಲ ಎಂಬ ಉತ್ತರ. ಆದರೆ ಅಂಥ ಕಡತವನ್ನು ತೆರೆದು ನೋಡಿ. ಅದರಲ್ಲಿ ಸರ್ವೇ ನಂಬರ್ ಇರುವುದಿಲ್ಲ, ಕೆರೆ ಯಾವ ಇಲಾಖೆಯದು ಎಂದು ಬರೆದಿರುವುದಿಲ್ಲ, ಗ್ರಾಮಸಭೆಯ ನಿರ್ಣಯ ಇರುವುದಿಲ್ಲ, ಏನೇನು ಕೆಲಸ ಆಗಬೇಕು ಎಂಬ ಪಟ್ಟಿಯೂ ಇರುವುದಿಲ್ಲ. ಅಂಥ ಕಾಗದದ ಮೇಲೆ ಹಣ ಬಿಡುಗಡೆ ಮಾಡಿದ ಅಧಿಕಾರಿ ನಾಳೆ ಲೆಕ್ಕಪರಿಶೋಧನೆಯಲ್ಲಿ ಉತ್ತರ ಕೊಡಬೇಕಾಗುತ್ತದೆ. ಹಾಗಾಗಿ ಅವರು ಸುಮ್ಮನಿರುತ್ತಾರೆ.

ಕರ್ನಾಟಕದಲ್ಲಿ 36,000ಕ್ಕೂ ಹೆಚ್ಚು ಕೆರೆಗಳಿವೆ. ಇವುಗಳ ಕೆಲಸಕ್ಕೆ ಬಳಸಬಹುದಾದ ಸರ್ಕಾರಿ ಹಣ ಒಂದಲ್ಲ ಒಂದು ಲೆಕ್ಕಶೀರ್ಷಿಕೆಯಲ್ಲಿ ಪ್ರತಿ ವರ್ಷ ಬರುತ್ತಲೇ ಇರುತ್ತದೆ. ಅದನ್ನು ನಿಮ್ಮ ಕೆರೆಯ ಕಡೆಗೆ ತಿರುಗಿಸುವುದು ನಾಲ್ಕು ಕಾಗದಗಳು: ಒಡೆತನ, ಗಡಿ, ನಿರ್ಣಯ, ಅಂದಾಜು (ಕೆಲಸದ ವೆಚ್ಚದ ಪಟ್ಟಿ). ಈ ಬರಹವಿಡೀ ಆ ನಾಲ್ಕರ ಬಗ್ಗೆ. ಕಲ್ಯಾಣಿ, ಗೋಕಟ್ಟೆ, ಗೋಮಾಳದಲ್ಲಿ ಗಿಡ ನೆಡುವ ಕೆಲಸಕ್ಕೂ ಹೆಚ್ಚುಕಡಿಮೆ ಇದೇ ದಾರಿ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಬಹುತೇಕ ಯೋಜನೆಗಳಲ್ಲಿ ಹಣ ನಿಮ್ಮ ಯುವಕ ಸಂಘದ ಖಾತೆಗೆ ಬರುವುದಿಲ್ಲ. ಪಂಚಾಯಿತಿಗೋ ಇಲಾಖೆಗೋ ಬರುತ್ತದೆ, ಕೆಲಸವನ್ನೂ ಅವರೇ ಮಾಡಿಸುತ್ತಾರೆ. ‘ಅನುದಾನದ ಅರ್ಜಿ ನಮೂನೆ ಎಲ್ಲಿ ಸಿಗುತ್ತದೆ’ ಎಂದು ಹುಡುಕುತ್ತಾ ತಿಂಗಳು ಕಳೆಯಬೇಡಿ. ನಿಮ್ಮ ಕೆರೆಯ ಹೆಸರು ವಾರ್ಷಿಕ ಕ್ರಿಯಾ ಯೋಜನೆಯಲ್ಲಿ ಸೇರಿದರೆ ಅದೇ ನಿಮ್ಮ ಅರ್ಜಿ ಸ್ವೀಕಾರವಾದಂತೆ.

ಯಾವಾಗ ಶುರು ಮಾಡಬೇಕು

ಕೆರೆ ಕೆಲಸ ನಡೆಯುವುದು ನೀರು ಇಳಿದ ಮೇಲೆ, ಅಂದರೆ ಫೆಬ್ರುವರಿಯಿಂದ ಮೇ ತಿಂಗಳವರೆಗೆ. ಸರ್ಕಾರದ ಹಣಕಾಸು ವರ್ಷ ಏಪ್ರಿಲ್‌ನಿಂದ ಮಾರ್ಚ್. ಮುಂದಿನ ವರ್ಷದ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆ ತಯಾರಿಸುವ ಗ್ರಾಮಸಭೆಗಳು ಅಕ್ಟೋಬರ್ 2ರ ಸುಮಾರಿಗೆ ಶುರುವಾಗುತ್ತವೆ. ಹಾಗಾಗಿ ದಾಖಲೆ ಕೂಡಿಸುವ ಕೆಲಸ ಜೂನ್‌-ಜುಲೈನಲ್ಲೇ ಆರಂಭವಾಗಬೇಕು. ಬೇಸಿಗೆಯಲ್ಲಿ ಒಣಗಿದ ಕೆರೆ ನೋಡಿ ಸಂಕಟಪಟ್ಟು ಏಪ್ರಿಲ್‌ನಲ್ಲಿ ಓಡಾಡಲು ಹೊರಟರೆ ಆ ವರ್ಷದ ಪಟ್ಟಿ ಆಗಲೇ ಮುಚ್ಚಿರುತ್ತದೆ.

ಕೆರೆ ಯಾರದು?

ಊರಿನವರಿಗೆ ಕೆರೆ ಊರಿನದು. ದಾಖಲೆಯಲ್ಲಿ ಅದಕ್ಕೊಬ್ಬ ಯಜಮಾನ ಇರುತ್ತಾನೆ, ಅವನನ್ನು ಬಿಟ್ಟು ಬೇರೆಯವರಿಗೆ ಅರ್ಜಿ ಕೊಟ್ಟರೆ ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಹಿಂಬರಹ ಖಂಡಿತ. ನಿಯಮ ಸರಳ. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಹೆಚ್ಚಿದ್ದು 2,000 ಹೆಕ್ಟೇರಿನೊಳಗಿದ್ದರೆ ಅದು ಸಣ್ಣ ನೀರಾವರಿ ಇಲಾಖೆಯ ಕೆರೆ. 40 ಹೆಕ್ಟೇರಿಗಿಂತ, ಅಂದರೆ ಸುಮಾರು 100 ಎಕರೆಗಿಂತ ಕಡಿಮೆ ಅಚ್ಚುಕಟ್ಟಿನದು ಪಂಚಾಯತ್ ರಾಜ್ ವ್ಯವಸ್ಥೆಯ ಕೆರೆ. ಕಾಡಿನೊಳಗಿನದು ಅರಣ್ಯ ಇಲಾಖೆಯದು. ಇಲ್ಲಿ ಎಣಿಸುವುದು ಕೆರೆಯಂಗಳದ ವಿಸ್ತೀರ್ಣವನ್ನಲ್ಲ, ಕೆರೆಯಿಂದ ನೀರುಣ್ಣುವ ಗದ್ದೆಯ ವಿಸ್ತೀರ್ಣವನ್ನು. ಹಲವರು ಇಲ್ಲೇ ಎಡವುತ್ತಾರೆ.

ನೆಲದ ಒಡೆತನದ ವಿಷಯ ಬೇರೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಂ ಪ್ರಕಾರ ಇತರರ ಸ್ವತ್ತು ಎಂದು ಸಾಬೀತಾಗದ ಕೆರೆ, ಹಳ್ಳ, ಕಾಲುವೆಗಳ ನೆಲ ಸರ್ಕಾರದ್ದು. ಪಹಣಿ ತೆಗೆಸಿದಾಗ ‘ಸರ್ಕಾರಿ ಕೆರೆ’ ಎಂದಿದ್ದರೆ ದಾರಿ ಸಲೀಸು. ಹಿಡುವಳಿದಾರರ ಹೆಸರಿದ್ದರೆ ಮೊದಲು ಅದನ್ನು ಬಗೆಹರಿಸಿಕೊಳ್ಳಿ, ಏಕೆಂದರೆ ಖಾಸಗಿ ಜಮೀನಿನ ಮೇಲೆ ಸಾರ್ವಜನಿಕ ಹಣ ಹಾಕುವುದಕ್ಕೆ ತಾಂತ್ರಿಕ ಮಂಜೂರಾತಿ ಸಿಗುವುದಿಲ್ಲ.

ಕೂಡಿಸಬೇಕಾದ ದಾಖಲೆಗಳು: ಕೆರೆಯ ಸರ್ವೇ ನಂಬರಿನ ಪಹಣಿ, ಗ್ರಾಮ ನಕ್ಷೆ, ಆಕಾರ್‌ಬಂದ್ (ಸರ್ವೇ ನಂಬರಿನ ವಿಸ್ತೀರ್ಣ ಬರೆದ ದಾಖಲೆ), ಅದೇ ಸರ್ವೇ ನಂಬರಿನ ಟಿಪ್ಪಣಿ (ಮೂಲ ಅಳತೆಯ ನಕ್ಷೆ). ಪಹಣಿ ನಾಡಕಚೇರಿಯಲ್ಲಿ ಸಿಗುತ್ತದೆ, ಉಳಿದವಕ್ಕೆ ತಾಲ್ಲೂಕಿನ ಭೂದಾಖಲೆಗಳ ಕಚೇರಿಗೆ ಹೋಗಿ. ದೊಡ್ಡ ಕೆರೆಗಳು ಎರಡು ಮೂರು ಗ್ರಾಮಗಳ ಸರ್ವೇ ನಂಬರುಗಳಲ್ಲಿ ಹಂಚಿಹೋಗಿರುತ್ತವೆ. ಎಲ್ಲವನ್ನೂ ತೆಗೆಸಿ.

ಗಡಿ ಗುರುತಿಸದೆ ಒಂದು ಬುಟ್ಟಿ ಮಣ್ಣನ್ನೂ ಎತ್ತಬೇಡಿ

ಆಕಾರ್‌ಬಂದ್‌ನಲ್ಲಿ 18 ಎಕರೆ ಇರುವ ಕೆರೆ ಕಣ್ಣಿಗೆ 12 ಎಕರೆ ಕಾಣಬಹುದು. ಉಳಿದದ್ದರಲ್ಲಿ ಅಡಿಕೆಯೋ ಬಾಳೆಯೋ ಇರುತ್ತದೆ. ಮೊಬೈಲಿನಲ್ಲಿ ‘ದಿಶಾಂಕ್’ ಆ್ಯಪ್ ತೆರೆದು ಕೆರೆಯ ಸುತ್ತ ನಡೆದರೆ ನೀವು ನಿಂತ ಜಾಗದ ಸರ್ವೇ ನಂಬರ್ ಗೊತ್ತಾಗುತ್ತದೆ. ಸ್ಥೂಲವಾಗಿ ತಿಳಿಯಲು ಅದು ಸಾಕು. ಆದರೆ ಅದು ಕಾನೂನಿನ ಪುರಾವೆ ಆಗುವುದಿಲ್ಲ, ಅದನ್ನು ಹಿಡಿದುಕೊಂಡು ಯಾರ ಮೇಲೂ ಆರೋಪ ಮಾಡಬೇಡಿ.

ಪುರಾವೆ ಬೇಕಾದರೆ ಹದ್ದುಬಸ್ತು, ಅಂದರೆ ಸರ್ಕಾರಿ ಭೂಮಾಪಕರಿಂದ ಗಡಿ ಅಳತೆ, ಆಗಬೇಕು. ಸರ್ಕಾರಿ ಕೆರೆಯಾದ್ದರಿಂದ ಗ್ರಾಮ ಪಂಚಾಯಿತಿಯ ಕಡೆಯಿಂದ ತಹಶೀಲ್ದಾರರಿಗೆ ಪತ್ರ ಹೋಗಲಿ: ‘ಸದರಿ ಸರ್ವೇ ನಂಬರಿನ ಕೆರೆಯನ್ನು ಅಳತೆ ಮಾಡಿಸಿ, ಗಡಿ ಗುರುತಿಸಿ, ಒತ್ತುವರಿ ಇದ್ದಲ್ಲಿ ನಕ್ಷೆಯೊಂದಿಗೆ ವರದಿ ನೀಡಬೇಕು.’ ಪತ್ರಕ್ಕೆ ಸ್ವೀಕೃತಿ ಪಡೆದು ದಿನಾಂಕ ಬರೆದಿಟ್ಟುಕೊಳ್ಳಿ. ಭೂಮಾಪಕರು ಬರುವ ದಿನ ಅಕ್ಕಪಕ್ಕದ ಹಿಡುವಳಿದಾರರಿಗೆ ಮುಂಚೆಯೇ ತಿಳಿಸಿ, ಅವರೆದುರೇ ಅಳತೆ ಆಗಲಿ. ನೆಟ್ಟ ಕಲ್ಲಿನ ಪಕ್ಕ ಗುಂಡಿ ತೆಗೆದು ಒಂದೊಂದು ಹೊಂಗೆ ಸಸಿ ಇಟ್ಟರೆ ಕಲ್ಲು ಕಿತ್ತುಹೋದರೂ ಸಾಲು ಉಳಿಯುತ್ತದೆ.

ಒತ್ತುವರಿ ತೆರವು ಮಾಡಿಸುವ ಅಧಿಕಾರ ಭೂಕಂದಾಯ ಕಾಯ್ದೆಯಡಿ ತಹಶೀಲ್ದಾರರಿಗಿದೆ. ಊರ ಸಾಮೂಹಿಕ ಭೂಮಿ ಮತ್ತು ಕೆರೆಕಟ್ಟೆಗಳ ಒತ್ತುವರಿ ತೆರವುಗೊಳಿಸಲು ಎಲ್ಲ ರಾಜ್ಯಗಳೂ ಯೋಜನೆ ರೂಪಿಸಬೇಕೆಂದು ಸುಪ್ರೀಂ ಕೋರ್ಟ್ 2011ರ ಜನವರಿ 28ರಂದು ಜಗಪಾಲ್ ಸಿಂಗ್ ಪ್ರಕರಣದಲ್ಲಿ ಹೇಳಿತು. ಪಂಜಾಬಿನ ಒಂದು ಹಳ್ಳಿಯ ಕೆರೆಯ ಮೇಲೆ ಮನೆ ಕಟ್ಟಿದ್ದ ಪ್ರಕರಣವದು. ಪತ್ರದಲ್ಲಿ ಆ ತೀರ್ಪನ್ನು ಉಲ್ಲೇಖಿಸಿದರೆ ತೂಕ ಬರುತ್ತದೆ. ಆದರೂ ನನ್ನ ಸಲಹೆ ಒಂದಿದೆ. ಒತ್ತುವರಿ ಮಾಡಿದವರು ಬಹುಪಾಲು ನಿಮ್ಮದೇ ಊರಿನವರು, ಎಷ್ಟೋ ಕಡೆ ಇರುವುದೇ ಅರ್ಧ ಎಕರೆಯ ಬಡವರು. ಮೊದಲು ಕೂತು ಮಾತಾಡಿ, ಬೆಳೆ ಕಟಾವಿನವರೆಗೆ ಸಮಯ ಕೊಡಿ. ಮಾತಿಗೆ ಬಗ್ಗದವರಿಗೆ ಕಾನೂನು ಇದ್ದೇ ಇದೆ.

ಕೆರೆಯಂಗಳದ ಜೊತೆಗೆ ನೀರು ಬರುವ ಕಾಲುವೆಯನ್ನೂ ಅಳತೆಗೆ ಸೇರಿಸಿ. ರಾಜಕಾಲುವೆ ಮುಚ್ಚಿಹೋದ ಕೆರೆಗೆ ಎಷ್ಟು ಹೂಳು ತೆಗೆದರೂ ನೀರು ಬರುವುದಿಲ್ಲ. ಪಹಣಿಯಲ್ಲಿ ‘ಬಿ’ ಖರಾಬು (ಸಾಗುವಳಿಗೆ ಸೇರದ ಸಾರ್ವಜನಿಕ ಜಾಗ) ಎಂದು ಬಿಟ್ಟಿರುವುದನ್ನು ವಿಶೇಷವಾಗಿ ನೋಡಿ, ಹಳೆಯ ಹಳ್ಳ ಮತ್ತು ಕಾಲುವೆಗಳು ಹಲವು ಕಡೆ ಅಲ್ಲೇ ಅಡಗಿರುತ್ತವೆ.

ಏನು ಕೆಲಸ ಬೇಕು? ಕೆರೆ ಸುತ್ತಿ ಬರೆಯಿರಿ

‘ಕೆರೆ ಅಭಿವೃದ್ಧಿ’ ಎಂಬ ಎರಡು ಪದದ ಬೇಡಿಕೆಗೆ ಅಂದಾಜು ಪಟ್ಟಿ ಮಾಡಲಾಗದು. ಊರಿನ ಹಿರಿಯರನ್ನು, ಹಿಂದೆ ನೀರಗಂಟಿ ಕೆಲಸ ಮಾಡಿದ ಮನೆತನದವರಿದ್ದರೆ ಅವರನ್ನು, ದನ ಮೇಯಿಸುವವರನ್ನು, ಬಟ್ಟೆ ಒಗೆಯಲು ಬರುವ ಹೆಂಗಸರನ್ನು ಕರೆದುಕೊಂಡು ಒಂದು ಸುತ್ತು ಹಾಕಿ. ಏರಿಯಲ್ಲಿ ಎಲ್ಲಿ ಜಿನುಗುತ್ತದೆ? ತೂಬಿನ ಬಾಗಿಲು ಎತ್ತಲು ಬರುತ್ತದೆಯೇ? ಕೋಡಿಯ ಕಲ್ಲು ಕಿತ್ತಿದೆಯೇ, ಅಥವಾ ಯಾರಾದರೂ ಕೋಡಿಯನ್ನು ತಗ್ಗಿಸಿದ್ದಾರೆಯೇ? ಕೊನೆಯ ಬಾರಿ ಕೋಡಿ ಬಿದ್ದದ್ದು ಯಾವ ವರ್ಷ? ಚರಂಡಿ ನೀರು ಎಲ್ಲಿಂದ ಸೇರುತ್ತಿದೆ? ಉತ್ತರಗಳನ್ನು ಫೋಟೊ ಸಮೇತ ಬರೆದುಕೊಳ್ಳಿ. ಎಂಜಿನಿಯರ್ ಬಂದಾಗ ಈ ಟಿಪ್ಪಣಿ ಕೈಗೆ ಕೊಟ್ಟರೆ ಅವರ ಅರ್ಧ ಕೆಲಸ ಆದಂತೆ.

ಹೂಳಿನ ಲೆಕ್ಕವನ್ನು ನೀವೇ ಮಾಡಬಹುದು, ಮಾಡಲೇಬೇಕು. ಒಂದು ಎಕರೆ ಎಂದರೆ 4,047 ಚದರ ಮೀಟರ್. ಒಂದು ಎಕರೆಯಲ್ಲಿ ಒಂದು ಅಡಿ ಆಳಕ್ಕೆ ಮಣ್ಣು ತೆಗೆದರೆ ಸುಮಾರು 1,233 ಘನ ಮೀಟರ್ ಆಗುತ್ತದೆ. ಅಷ್ಟು ಜಾಗದಲ್ಲಿ 12 ಲಕ್ಷ ಲೀಟರಿಗೂ ಹೆಚ್ಚು ನೀರು ನಿಲ್ಲುತ್ತದೆ. ಒಂದು ಟ್ರ್ಯಾಕ್ಟರ್ ಟ್ರೇಲರಿಗೆ 3 ಘನ ಮೀಟರ್ ಹಿಡಿದರೆ 400 ಲೋಡಿಗೂ ಹೆಚ್ಚು. ಈಗ 10 ಎಕರೆಯ ಕೆರೆಯಲ್ಲಿ 3 ಅಡಿ ಹೂಳು ಎಂದುಕೊಳ್ಳಿ. 37,000 ಘನ ಮೀಟರ್, 12,000 ಲೋಡು! ಇಷ್ಟನ್ನು ಎಲ್ಲಿ ಹಾಕುತ್ತೀರಿ? ಇದಕ್ಕೆ ಉತ್ತರವಿಲ್ಲದ ಯೋಜನೆಯನ್ನು ನಾನಂತೂ ನಂಬುವುದಿಲ್ಲ. ಗೋಡು ಮಣ್ಣು ಹೊಲಕ್ಕೆ ಒಳ್ಳೆಯದು ಎಂದು ರೈತರಿಗೆ ಹೇಳಿಕೊಡಬೇಕಿಲ್ಲ. ಎಷ್ಟು ರೈತರು ತಮ್ಮ ಖರ್ಚಿನಲ್ಲಿ ಸಾಗಿಸಿಕೊಳ್ಳುತ್ತಾರೆ ಎಂದು ಸಹಿ ಸಮೇತ ಪಟ್ಟಿ ಮಾಡಿ. ಎತ್ತುವ ಖರ್ಚು ಅನುದಾನದಿಂದ, ಸಾಗಿಸುವ ಖರ್ಚು ರೈತರಿಂದ ಎಂಬ ಒಪ್ಪಂದವಾದರೆ ಅಂದಾಜು ಮೊತ್ತ ಗಣನೀಯವಾಗಿ ಇಳಿಯುತ್ತದೆ. ಇಳಿದಷ್ಟೂ ಮಂಜೂರಾತಿ ಹತ್ತಿರವಾಗುತ್ತದೆ.

ಕೆಲಸದ ಕ್ರಮದ ಬಗ್ಗೆ ನನ್ನ ಅಭಿಪ್ರಾಯ ಖಚಿತ. ಮೊದಲು ನೀರು ಬರುವ ಕಾಲುವೆ, ಆಮೇಲೆ ಕಾಲುವೆ ಬಾಯಲ್ಲಿ ಹೂಳು ತಡೆಯುವ ಗುಂಡಿ, ನಂತರ ಏರಿ, ತೂಬು ಮತ್ತು ಕೋಡಿ. ಹೂಳೆತ್ತುವುದು ಕೊನೆಗೆ, ಅದೂ ದುಡ್ಡಿದ್ದಷ್ಟು ಭಾಗದಲ್ಲಿ. ಸುತ್ತ ಕಾಂಕ್ರೀಟ್ ತಡೆಗೋಡೆ, ನಡಿಗೆ ಪಥ, ಕಬ್ಬಿಣದ ಬೇಲಿ ಹಾಕುವ ‘ಸೌಂದರ್ಯೀಕರಣ’ಕ್ಕೆ ಹಣ ಬೇಗ ಬರುತ್ತದೆ, ಫೋಟೊ ಚೆನ್ನಾಗಿ ಬರುತ್ತದೆ. ಆದರೆ ನೀರು ಒಳಬರುವ ದಾರಿಯನ್ನೇ ಮುಚ್ಚುವ ಆ ಕೆಲಸವನ್ನು ದಯವಿಟ್ಟು ಕೇಳಬೇಡಿ.

ಎಂಜಿನಿಯರ್ ಜೊತೆ ಮೂರು ವಿಷಯ ಮಾತಾಡಿ. ಏರಿಯ ಬುಡದಿಂದ ಎಷ್ಟು ದೂರ ಬಿಟ್ಟು ಅಗೆಯಬೇಕು, ಏಕೆಂದರೆ ಬುಡದ ಮಣ್ಣು ತೆಗೆದರೆ ಏರಿ ಕುಸಿಯಬಹುದು. ತಳದ ಜೇಡಿ ಪದರ ಎಲ್ಲಿಂದ ಶುರುವಾಗುತ್ತದೆ. ಅದನ್ನು ಕಿತ್ತರೆ ನೀರು ಇಂಗಿಹೋಗುತ್ತದೆ. ಅಂತರ್ಜಲಕ್ಕೆ ಒಳ್ಳೆಯದಾದರೂ ಅಚ್ಚುಕಟ್ಟಿನ ರೈತರಿಗೆ ನಷ್ಟ, ಆದ್ದರಿಂದ ನಿಮ್ಮ ಊರಿಗೆ ಯಾವುದು ಬೇಕೆಂದು ಮೊದಲು ತೀರ್ಮಾನವಾಗಲಿ. ಮೂರನೆಯದು ಗಿಡ: ಏರಿಯ ಮೇಲೆ ದೊಡ್ಡ ಮರ ಬೇಡ, ಬೇರು ಹೋದ ದಾರಿಯಲ್ಲೇ ನೀರು ಜಿನುಗುತ್ತದೆ.

ಬಳ್ಳಾರಿ ಜಾಲಿ ತೆಗೆಸುವಾಗ ಎಚ್ಚರವಿರಲಿ. ವಿಜಯನಗರ ಜಿಲ್ಲೆಯ ಅಂಕಸಮುದ್ರವೂ ಊರಿನವರು ಕಟ್ಟಿಕೊಂಡ ನೀರಾವರಿ ಕೆರೆಯೇ. ಅದರ ಅಂಗಳದ ಕರಿಜಾಲಿ ಮರಗಳಲ್ಲಿ ಸಾವಿರಾರು ನೀರುಹಕ್ಕಿಗಳು ಗೂಡು ಕಟ್ಟುತ್ತವೆ, ಅದೇ ಕಾರಣಕ್ಕೆ 2024ರಲ್ಲಿ ಅದು ಗದಗಿನ ಮಾಗಡಿ ಕೆರೆಯ ಜೊತೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ‘ಜಾಲಿ ತೆರವು’ ಎಂದು ಅಂದಾಜಿನಲ್ಲಿ ಬರೆದರೆ ಜೆಸಿಬಿ ಬಳ್ಳಾರಿ ಜಾಲಿ, ಕರಿಜಾಲಿ ಎರಡನ್ನೂ ಬೇರೆ ಮಾಡಿ ನೋಡುವುದಿಲ್ಲ. ಉಳಿಸಬೇಕಾದ ಮರಗಳಿಗೆ ಸುಣ್ಣದ ಪಟ್ಟಿ ಬಳಿದಿಡಿ.

ಹಣ ಎಲ್ಲೆಲ್ಲಿದೆ

ಉದ್ಯೋಗ ಖಾತರಿ. 2005ರ ನರೇಗಾ ಕಾಯ್ದೆಯಡಿ ಕೆರೆ, ಕಾಲುವೆ, ಗಿಡ ನೆಡುವ ಕೆಲಸಗಳಿಗೆ ಮೊದಲ ಮಣೆ ಇತ್ತು. ಕೂಲಿ ಮತ್ತು ಸಾಮಗ್ರಿ ವೆಚ್ಚದ ಪ್ರಮಾಣ 60:40, ಗುತ್ತಿಗೆದಾರರಿಗೆ ಅವಕಾಶವಿಲ್ಲ, ಕೂಲಿ ಕಸಿಯುವ ಯಂತ್ರ ನಿಷಿದ್ಧ. ಆ ಕಾಯ್ದೆಯ ಬದಲಿಗೆ ಸಂಸತ್ತು 2025ರ ಡಿಸೆಂಬರ್‌ನಲ್ಲಿ ವಿಬಿ-ಜಿ ರಾಮ್ ಜಿ (ವಿಕಸಿತ ಭಾರತ ಗ್ರಾಮೀಣ ಉದ್ಯೋಗ ಮತ್ತು ಜೀವನೋಪಾಯ ಖಾತರಿ) ಕಾಯ್ದೆಯನ್ನು ಅಂಗೀಕರಿಸಿತು. ವರ್ಷಕ್ಕೆ 100 ದಿನ ಇದ್ದ ಖಾತರಿ 125 ದಿನವಾಯಿತು, ರಾಜ್ಯ ಭರಿಸಬೇಕಾದ ಪಾಲು ಹೆಚ್ಚಿತು, ಕೃಷಿಯ ಬಿರುಸಿನ ಕಾಲದಲ್ಲಿ ಕೆಲಸ ನಿಲ್ಲಿಸಲು ಅವಕಾಶ ಬಂತು. ಅದರಲ್ಲೂ ನೀರಿನ ಭದ್ರತೆಗೆ ಆದ್ಯತೆ ಇದೆ, ಕೆಲಸಗಳು ಗ್ರಾಮ ಪಂಚಾಯಿತಿ ಯೋಜನೆಯಿಂದಲೇ ಹೊರಡಬೇಕು. ನಿಮ್ಮಲ್ಲಿ ಈಗ ಯಾವ ಮಾರ್ಗಸೂಚಿ ಜಾರಿಯಲ್ಲಿದೆ ಎಂದು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಂದ ಸುತ್ತೋಲೆಯ ಪ್ರತಿ ಕೇಳಿ ಪಡೆಯಿರಿ. ಕಾಲುವೆ ಸ್ವಚ್ಛತೆ, ಹೂಳುಗುಂಡಿ, ಏರಿಗೆ ಮಣ್ಣು, ಗೋಕಟ್ಟೆ, ಗಿಡಗಳಿಗೆ ಈ ಹಣ ಹೇಳಿಮಾಡಿಸಿದ್ದು. ದೊಡ್ಡ ಕೆರೆಯ ಹೂಳೆತ್ತಲು ಮಾತ್ರ ನಿಧಾನ.

ಹಣಕಾಸು ಆಯೋಗದ ಅನುದಾನ. ಇದು ಪಂಚಾಯಿತಿ ಖಾತೆಗೇ ಬರುವ ಕೇಂದ್ರದ ಹಣ. 2021-26ರ ಅವಧಿಗೆ 15ನೇ ಹಣಕಾಸು ಆಯೋಗ ಹಾಕಿದ ಷರತ್ತಿನಲ್ಲಿ ಶೇ 60 ನಿರ್ಬಂಧಿತ ಅನುದಾನ. ಅದರ ಅರ್ಧ ನೈರ್ಮಲ್ಯಕ್ಕೆ, ಇನ್ನರ್ಧ ಕುಡಿಯುವ ನೀರು, ಮಳೆನೀರು ಸಂಗ್ರಹ ಮತ್ತು ನೀರಿನ ಮರುಬಳಕೆಗೆ. ಕೆರೆಗೆ ಸೇರುವ ಚರಂಡಿ ನೀರನ್ನು ತಿರುಗಿಸಿ ಶುದ್ಧೀಕರಿಸುವ ಕೆಲಸವನ್ನು ಇಂಥ ಹಣಕ್ಕೆ ಹೊಂದಿಸಬಹುದು. ಏಪ್ರಿಲ್ 2026ರಿಂದ 16ನೇ ಆಯೋಗದ ಅವಧಿ, ಹಂಚಿಕೆಯ ಷರತ್ತನ್ನು ಪಂಚಾಯಿತಿಯಲ್ಲೇ ನೋಡಿಕೊಳ್ಳಿ.

ಅಮೃತ ಸರೋವರ. 2022ರ ಏಪ್ರಿಲ್ 24ರಂದು ಶುರುವಾಯಿತು, ಜಿಲ್ಲೆಗೆ 75 ಕೆರೆಗಳ ಗುರಿ. ಕನಿಷ್ಠ ಒಂದು ಎಕರೆ ಅಂಗಳ, 10,000 ಘನ ಮೀಟರ್ ಸಾಮರ್ಥ್ಯ ಎಂಬ ಅದರ ಅಳತೆಗೋಲು ಸಣ್ಣ ಕೆರೆಗಳಿಗೆ ಒಳ್ಳೆಯ ಗುರಿ. ಇದಕ್ಕೆ ಪ್ರತ್ಯೇಕ ಹಣದ ಗಂಟಿಲ್ಲ, ಬೇರೆ ಬೇರೆ ಯೋಜನೆಗಳ ಹಣವನ್ನು ಒಗ್ಗೂಡಿಸುತ್ತಾರೆ.

ಕೇಂದ್ರದ ಜಲಕಾಯಗಳ ದುರಸ್ತಿ ಮತ್ತು ಪುನಶ್ಚೇತನ ಯೋಜನೆಗೆ ಗ್ರಾಮೀಣ ಭಾಗದಲ್ಲಿ ಕನಿಷ್ಠ 5 ಹೆಕ್ಟೇರ್, ಅಂದರೆ 12 ಎಕರೆಗೂ ಮಿಕ್ಕ ನೀರಿನ ಹರವು ಇರಬೇಕು. ಅದಕ್ಕೆ ಸಣ್ಣ ನೀರಾವರಿ ಇಲಾಖೆಯೇ ಪ್ರಸ್ತಾವನೆ ಕಳಿಸಬೇಕು. ಊರಿನವರು ಮಾಡಬಹುದಾದದ್ದು ಬೆನ್ನು ಹತ್ತುವುದು.

ಜನಪ್ರತಿನಿಧಿಗಳ ನಿಧಿ. ಸಂಸದರಿಗೆ ವರ್ಷಕ್ಕೆ 5 ಕೋಟಿ, ಶಾಸಕರಿಗೆ 2 ಕೋಟಿ ರೂಪಾಯಿ. ತೂಬು, ಕೋಡಿಯಂಥ ಕಲ್ಲು-ಸಿಮೆಂಟಿನ ಬಾಳಿಕೆ ಬರುವ ಕೆಲಸಕ್ಕೆ ಇದನ್ನು ಕೇಳಿ. ಈಗ ನಿಮ್ಮ ಕೈಯಲ್ಲಿ ಸರ್ವೇ ನಕ್ಷೆ ಮತ್ತು ನಿರ್ಣಯ ಇರುವುದರಿಂದ ಶಾಸಕರ ಷರಾ ಬೀಳುವ ಕಾಗದವೇ ಬೇರೆ ಆಗಿರುತ್ತದೆ.

ಪ್ರದೇಶಕ್ಕೆ ತಕ್ಕ ಹಣವನ್ನು ಬಹಳ ಊರಿನವರು ಮರೆಯುತ್ತಾರೆ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರದವರಿಗೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಶಿವಮೊಗ್ಗದಲ್ಲಿ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿ, ಚಿತ್ರದುರ್ಗದಲ್ಲಿ ಬಯಲುಸೀಮೆ ಪ್ರದೇಶಾಭಿವೃದ್ಧಿ ಮಂಡಳಿ ಇವೆ. ಬಳ್ಳಾರಿ, ಚಿತ್ರದುರ್ಗ, ತುಮಕೂರಿನಂಥ ಗಣಿ ಜಿಲ್ಲೆಗಳಲ್ಲಿ 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯಿದೆ. ಕುಡಿಯುವ ನೀರು ಮತ್ತು ಪರಿಸರ ಸಂರಕ್ಷಣೆ ಅದರ ಮುಖ್ಯ ಆದ್ಯತೆಗಳು. ನಿಮ್ಮ ಊರು ಗಣಿಬಾಧಿತ ಪಟ್ಟಿಯಲ್ಲಿದ್ದರೆ ಮೊದಲು ಅಲ್ಲಿಗೇ ಹೋಗಿ.

ಕೆರೆಯ ಜಲಾನಯನದಲ್ಲಿ ಜಮೀನಿರುವ ರೈತರಿಗೆ ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಹೇಳಿ. ಬದುಕುಳಿದ ಪ್ರತಿ ಗಿಡಕ್ಕೆ ಮೊದಲ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50, ಒಟ್ಟು 125 ರೂಪಾಯಿ ಪ್ರೋತ್ಸಾಹಧನ. ಮೇಲಿನ ಹೊಲದಲ್ಲಿ ಮರ ನಿಂತರೆ ಕೆರೆಗೆ ಬರುವ ಹೂಳು ತಗ್ಗುತ್ತದೆ. ಇದು ರೈತರ ಖಾತೆಗೇ ಬರುವ ಹಣ, ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ನೋಂದಣಿ.

ಒಂದೇ ಕೆರೆಗೆ ಮೂರು ಕಡೆಯ ಹಣ ತರಬಹುದು, ಒಂದೇ ಕೆಲಸಕ್ಕೆ ತರಬಾರದು. ಕಾಲುವೆ ಉದ್ಯೋಗ ಖಾತರಿಯಲ್ಲಿ, ತೂಬು ಶಾಸಕರ ನಿಧಿಯಲ್ಲಿ, ಚರಂಡಿ ನೀರಿನ ಶುದ್ಧೀಕರಣ ಹಣಕಾಸು ಆಯೋಗದ ಅನುದಾನದಲ್ಲಿ ಎಂದು ಭಾಗ ಮಾಡಿ ಬರೆಯಿರಿ. ಒಂದೇ ಕಾಮಗಾರಿಗೆ ಎರಡು ಬಿಲ್ಲು ಆದರೆ ವಸೂಲಾತಿ ಬರುತ್ತದೆ, ಆ ಕೆರೆಯ ಹೆಸರು ಹೇಳಿದರೆ ಮುಂದೆ ಯಾರೂ ಹಣ ಕೊಡುವುದಿಲ್ಲ.

ಗ್ರಾಮಸಭೆಯಲ್ಲಿ ನಿರ್ಣಯ

ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆಯಲ್ಲಿ ವಾರ್ಡ್ ಸಭೆ ಮತ್ತು ಗ್ರಾಮಸಭೆ ಎರಡೂ ಇವೆ. ಬೇಡಿಕೆ ಮೊದಲು ವಾರ್ಡ್ ಸಭೆಯಲ್ಲಿ ದಾಖಲಾಗಿ ಆಮೇಲೆ ಗ್ರಾಮಸಭೆಗೆ ಬರಬೇಕು. ನೇರ ಗ್ರಾಮಸಭೆಯಲ್ಲಿ ಎದ್ದು ಮಾತಾಡಿದರೆ ‘ಮುಂದಿನ ಬಾರಿ ನೋಡೋಣ’ ಎಂದು ತೇಲಿಸುವುದು ಸುಲಭ.

ಸಭೆಗೆ ಒಂದು ವಾರ ಮೊದಲೇ ಅಧ್ಯಕ್ಷರು, ನಿಮ್ಮ ವಾರ್ಡ್ ಸದಸ್ಯರು ಮತ್ತು ಪಿಡಿಒ ಅವರಿಗೆ ಲಿಖಿತ ಮನವಿ ಕೊಡಿ. ಸ್ವಸಹಾಯ ಸಂಘದ ಹೆಂಗಸರನ್ನು ಸಭೆಗೆ ಕರೆತನ್ನಿ. ಕೊಳವೆಬಾವಿ ಬತ್ತಿದಾಗ ಬಿಂದಿಗೆ ಹೊರುವವರು ಅವರೇ, ಅವರ ಮಾತಿಗೆ ಎದುರಾಡುವ ಸದಸ್ಯರು ಕಡಿಮೆ. ಕೋರಂ ಇಲ್ಲದ ಸಭೆಯ ನಿರ್ಣಯ ಆಮೇಲೆ ಬಿದ್ದುಹೋಗಬಹುದು, ಆದ್ದರಿಂದ ಹಾಜರಾತಿ ಪುಸ್ತಕದಲ್ಲಿ ಎಲ್ಲರ ಸಹಿ ಬೀಳುವಂತೆ ನೋಡಿಕೊಳ್ಳಿ.

ನಿರ್ಣಯದ ಒಕ್ಕಣೆಯನ್ನು ನೀವೇ ಬರೆದು ಒಯ್ಯಿರಿ. ಹೀಗಿರಬಹುದು:

‘ನಮ್ಮ ಗ್ರಾಮದ ಸರ್ವೇ ನಂ. ____ರಲ್ಲಿ ____ ಎಕರೆ ____ ಗುಂಟೆ ವಿಸ್ತೀರ್ಣದ ____ ಕೆರೆಯು ಸರ್ಕಾರಿ ಕೆರೆಯಾಗಿದ್ದು, (1) ____ ಮೀಟರ್ ಉದ್ದದ ಪೋಷಕ ಕಾಲುವೆಯ ಹೂಳು ತೆಗೆಯುವುದು, (2) ಏರಿಯ ಜಿನುಗು ದುರಸ್ತಿ, (3) ತೂಬು ಮತ್ತು ಕೋಡಿ ದುರಸ್ತಿ, (4) ಕೆರೆಯಂಗಳದ ____ ಎಕರೆಯಲ್ಲಿ ಹೂಳೆತ್ತುವುದು, ಈ ಕಾಮಗಾರಿಗಳನ್ನು 20__-__ನೇ ಸಾಲಿನ ಕ್ರಿಯಾ ಯೋಜನೆಯಲ್ಲಿ ಸೇರಿಸಲು, ಅಂದಾಜು ಪಟ್ಟಿ ತಯಾರಿಸಲು ಸಂಬಂಧಪಟ್ಟ ಎಂಜಿನಿಯರ್ ಅವರನ್ನು ಕೋರಲು ಹಾಗೂ ಗಡಿ ಅಳತೆಗಾಗಿ ತಹಶೀಲ್ದಾರರಿಗೆ ಪತ್ರ ಬರೆಯಲು ಸಭೆಯು ತೀರ್ಮಾನಿಸಿತು. ಸೂಚಕರು: ____ ಅನುಮೋದಕರು: ____’

ನಿರ್ಣಯ ಪುಸ್ತಕದಲ್ಲಿ ಬರೆದಾದ ಮೇಲೆಯೇ ಎದ್ದು ಬನ್ನಿ. ದೃಢೀಕೃತ ನಕಲನ್ನು ಅದೇ ವಾರದಲ್ಲಿ ಕೇಳಿ ಪಡೆಯಿರಿ. ಆಮೇಲೆ ಇ-ಗ್ರಾಮ್ ಸ್ವರಾಜ್ ಪೋರ್ಟಲ್‌ನಲ್ಲಿ ನಿಮ್ಮ ಪಂಚಾಯಿತಿಯ ಯೋಜನೆ ತೆರೆದು ಕೆರೆಯ ಹೆಸರು ಇದೆಯೇ ಎಂದು ಕಣ್ಣಾರೆ ನೋಡಿ. ಸಭೆಯಲ್ಲಿ ಒಪ್ಪಿದ್ದು ಪಟ್ಟಿಗೆ ಬರುವಷ್ಟರಲ್ಲಿ ಸಿ.ಸಿ. ರಸ್ತೆಯಾಗಿರುವುದೂ ಉಂಟು.

ಪ್ರಸ್ತಾವನೆ ಬರೆಯುವಾಗ

ಇಲಾಖೆಗೋ ಮಂಡಳಿಗೋ ಕೊಡುವ ಪ್ರಸ್ತಾವನೆ ಮೂರು ಪುಟ ಮೀರದಿರಲಿ. ಮೊದಲ ಪ್ಯಾರಾದಲ್ಲೇ ಕೆರೆಯ ಹೆಸರು, ಗ್ರಾಮ, ಹೋಬಳಿ, ಸರ್ವೇ ನಂಬರ್, ವಿಸ್ತೀರ್ಣ, ಅಚ್ಚುಕಟ್ಟು, ಯಾರ ವ್ಯಾಪ್ತಿ ಎಂಬುದು ಬರಲಿ. ಮುಂದೆ ಎಷ್ಟು ಮನೆ, ಎಷ್ಟು ಜಾನುವಾರು, ಎಷ್ಟು ಕೊಳವೆಬಾವಿ ಈ ಕೆರೆಯನ್ನು ನೆಚ್ಚಿವೆ ಎಂದು ಎಣಿಸಿ ಬರೆಯಿರಿ. ಅಟಲ್ ಭೂಜಲ ಯೋಜನೆ ನಡೆದ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗದಂಥ ಜಿಲ್ಲೆಗಳಲ್ಲಿ ಆಯ್ಕೆಯಾದ ಪಂಚಾಯಿತಿಗಳು ನೀರಿನ ಭದ್ರತಾ ಯೋಜನೆ ಮಾಡಿವೆ. ಅಂತರ್ಜಲದ ಅಂಕಿಗಳನ್ನು ಅಲ್ಲಿಂದ ತೆಗೆದುಕೊಳ್ಳಿ. ‘ರೈತರ ಬದುಕು ಹಸನಾಗುತ್ತದೆ’ ಎಂಬ ವಾಕ್ಯಕ್ಕಿಂತ ‘ಕೆರೆಯ ಕೆಳಗಿನ ಇಷ್ಟು ಕೊಳವೆಬಾವಿಗಳಲ್ಲಿ ಇಷ್ಟು ಬತ್ತಿವೆ’ ಎಂಬ ಎಣಿಕೆ ಅಧಿಕಾರಿಯನ್ನು ಹಿಡಿದು ನಿಲ್ಲಿಸುತ್ತದೆ.

ಊರಿನ ಪಾಲು ಏನು ಎಂದು ಹೇಳಲೇಬೇಕು: ಸಾಗಣೆ, ಶ್ರಮದಾನ, ಗಿಡಗಳಿಗೆ ನೀರು, ಕಾವಲು. ಕೆಲಸ ಮುಗಿದ ಮೇಲೆ ನಿರ್ವಹಣೆ ಯಾರದು ಎಂಬ ಪ್ರಶ್ನೆಗೂ ಉತ್ತರ ಬರೆಯಿರಿ. ಲಗತ್ತುಗಳು: ಪಹಣಿ, ನಕ್ಷೆ, ಹದ್ದುಬಸ್ತು ವರದಿ, ನಿರ್ಣಯದ ನಕಲು, ಮಣ್ಣು ಒಯ್ಯುವ ರೈತರ ಪಟ್ಟಿ, ದಿನಾಂಕ ಕಾಣುವ ಫೋಟೊಗಳು. ಎರಡು ಪ್ರತಿ ಒಯ್ದು ಒಂದಕ್ಕೆ ಮೊಹರು ಹಾಕಿಸಿಕೊಳ್ಳಿ.

ಸಂಘ ನೋಂದಾಯಿಸಬೇಕೇ ಎಂದು ಹಲವರು ಕೇಳುತ್ತಾರೆ. ಪಂಚಾಯಿತಿ ಮೂಲಕ ಮಾಡಿಸುವ ಕೆಲಸಕ್ಕೆ ಬೇಕಿಲ್ಲ. ನಬಾರ್ಡ್‌ನ ಜಲಾನಯನ ನಿಧಿಗೋ, ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣಕ್ಕೋ ನೀವೇ ಕೈಹಾಕುವುದಾದರೆ ಬೇಕು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ 7 ಸದಸ್ಯರೊಂದಿಗೆ ಸಂಘ ನೋಂದಾಯಿಸಿ, ಪ್ಯಾನ್ ಮತ್ತು ಬ್ಯಾಂಕ್ ಖಾತೆ ಮಾಡಿಸಿ, ನೀತಿ ಆಯೋಗದ ದರ್ಪಣ್ ಪೋರ್ಟಲ್‌ನಲ್ಲಿ ಹೆಸರು ಸೇರಿಸಿ. ಕಂಪನಿ ಹಣ ಪಡೆಯಲು 2021ರ ಏಪ್ರಿಲ್ 1ರಿಂದ ಸಿಎಸ್‌ಆರ್-1 ನಮೂನೆಯಲ್ಲಿ ನೋಂದಣಿ ಕಡ್ಡಾಯ. ಹಣ ಬರುವ ಮೊದಲೇ ವರ್ಷವರ್ಷ ಲೆಕ್ಕಪರಿಶೋಧನೆ ಮಾಡಿಸುತ್ತಾ ಬನ್ನಿ, ಹಳೆಯ ವರ್ಷಗಳ ಲೆಕ್ಕಪತ್ರ ಕೇಳುವವರೇ ಹೆಚ್ಚು.

ಅಂದಾಜು, ಮಂಜೂರಾತಿ, ಕಾಯುವಿಕೆ

ಕಿರಿಯ ಎಂಜಿನಿಯರ್ ಸ್ಥಳಕ್ಕೆ ಬಂದು ಅಳತೆ ಮಾಡಿ, ಇಲಾಖೆಯ ದರಪಟ್ಟಿಯ ಪ್ರಕಾರ ಅಂದಾಜು ಮಾಡುತ್ತಾರೆ. ಅವರು ಬರುವ ದಿನ ನಿಮ್ಮಲ್ಲಿ ಇಬ್ಬರಾದರೂ ಜೊತೆಗಿರಿ. ಅಂದಾಜಿಗೆ ತಾಂತ್ರಿಕ ಮಂಜೂರಾತಿ, ಆಡಳಿತಾತ್ಮಕ ಮಂಜೂರಾತಿ ಎರಡೂ ಸಿಗಬೇಕು, ಆಮೇಲೆ ಉದ್ಯೋಗ ಖಾತರಿಯಾದರೆ ಕೆಲಸದ ಆದೇಶ, ಇತರೆ ಹಣವಾದರೆ ಟೆಂಡರ್. ಕಡತ ಇರುವುದು ಪಂಚಾಯಿತಿಯಲ್ಲೋ, ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಯ ಬಳಿಯೋ, ಜಿಲ್ಲಾ ಪಂಚಾಯಿತಿಯಲ್ಲೋ ಎಂಬುದನ್ನು ಒಬ್ಬರು ಸದಾ ತಿಳಿದಿರಬೇಕು. ಊರಿನಲ್ಲಿ ತಾಳ್ಮೆಯಿಂದ ಓಡಾಡುವ, ಜಗಳಕ್ಕೆ ನಿಲ್ಲದ ಒಬ್ಬರನ್ನು ಇದಕ್ಕೇ ನೇಮಿಸಿ, ಓಡಾಟದ ಖರ್ಚನ್ನು ಊರೇ ಕೊಡಲಿ.

ಕಡತ ನಿಂತರೆ 2005ರ ಮಾಹಿತಿ ಹಕ್ಕು ಕಾಯ್ದೆ ಬಳಸಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ‘ಯಾಕೆ ತಡ’ ಎಂದು ಕೇಳಬೇಡಿ, ಅದಕ್ಕೆ ಉತ್ತರ ಬರುವುದಿಲ್ಲ. ‘ಸದರಿ ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ನಕಲು ನೀಡಿ’ ಎಂದು ಕೇಳಿ. ಯಾರ ಮೇಜಿನಲ್ಲಿ ಎಷ್ಟು ದಿನ ಇತ್ತು ಎಂಬುದು ಅದರಲ್ಲೇ ಇರುತ್ತದೆ.

ಕೆಲಸ ನಡೆಯುವಾಗ ಮತ್ತು ಮುಗಿದ ಮೇಲೆ

ಕಾಮಗಾರಿಯ ಹೆಸರು, ಮೊತ್ತ, ಅವಧಿ ಬರೆದ ನಾಮಫಲಕ ಮೊದಲ ದಿನವೇ ನಿಲ್ಲಬೇಕು. ಅಂದಾಜಿನ ಪ್ರತಿ ನಿಮ್ಮ ಕೈಯಲ್ಲಿರಲಿ. ಹೂಳೆತ್ತುವಾಗ ಕೆರೆಯಂಗಳದಲ್ಲಿ ಅಲ್ಲಲ್ಲಿ ಅಗೆಯದ ಮಣ್ಣಿನ ದಿಬ್ಬಗಳನ್ನು ಹಾಗೇ ಉಳಿಸಿ; ಎಷ್ಟು ಆಳ ತೆಗೆದರು ಎಂದು ಅಳೆಯಲು ಅವೇ ಸಾಕ್ಷಿ. ಎಂಜಿನಿಯರ್ ಅಳತೆ ಪುಸ್ತಕದಲ್ಲಿ ಬರೆಯುವವರೆಗೆ ಅವುಗಳನ್ನು ಯಾರೂ ತೆಗೆಯಬಾರದು. ಲೋಡುಗಳ ಲೆಕ್ಕವನ್ನು ಊರಿನ ಇಬ್ಬರು ಹುಡುಗರು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಬಿಲ್ಲು ಬಂದಾಗ ಹೋಲಿಸಬಹುದು. ತಪ್ಪು ಕಂಡರೆ ಸಾಮಾಜಿಕ ಪರಿಶೋಧನೆಯ ಗ್ರಾಮಸಭೆಯಲ್ಲಿ ಎದ್ದು ಹೇಳಿ, ಅಲ್ಲಿ ಆಡಿದ ಮಾತು ದಾಖಲೆಯಾಗುತ್ತದೆ.

ಮುಗಿದ ಮೇಲೆ ಪೂರ್ಣಗೊಂಡ ಪ್ರಮಾಣಪತ್ರದ ನಕಲು ಪಡೆದಿಡಿ. ಮುಂದಿನ ಹಂತಕ್ಕೆ ಹಣ ಕೇಳುವಾಗ ಅದನ್ನೇ ಮೊದಲು ತೋರಿಸಬೇಕು. ತೂಬಿನ ಪಕ್ಕದ ಕಲ್ಲಿಗೆ ಅಡಿಗಳ ಗುರುತು ಹಾಕಿಸಿ, ಪ್ರತಿ ಮಳೆಗೂ ನೀರಿನ ಮಟ್ಟ ಬರೆಯುವ ಕೆಲಸವನ್ನು ಊರ ಶಾಲೆಯ ಮಕ್ಕಳಿಗೆ ಕೊಡಿ. ಮೀನು ಪಾಶುವಾರು (ಮೀನು ಹಿಡಿಯುವ) ಹಕ್ಕಿನ ಹರಾಜಿನಿಂದ ಪಂಚಾಯಿತಿಗೆ ಬರುವ ಹಣದಲ್ಲಿ ಒಂದು ಪಾಲು ಅದೇ ಕೆರೆಯ ಕಾಲುವೆ ಸ್ವಚ್ಛತೆಗೆ ಮೀಸಲು ಎಂದು ಮುಂದಿನ ಗ್ರಾಮಸಭೆಯಲ್ಲೇ ನಿರ್ಣಯ ಮಾಡಿಸಿ. ಕಾಲುವೆಯನ್ನು ಪ್ರತಿ ವರ್ಷ ಮೇ ತಿಂಗಳಲ್ಲಿ, ಮುಂಗಾರಿಗೆ ಮೊದಲು ತೆಗೆಸಬೇಕು, ಅದರ ದಿನಾಂಕವನ್ನೂ ಆ ನಿರ್ಣಯದಲ್ಲಿ ಬರೆಸಿ.